ಸ್ಕ್ಯಾನ್ ಬದಲಿಸಿದ ಲೆಕ್ಕ
2020ರ ಫೆಬ್ರವರಿ 13. ಚೀನಾದ ಹುಬೇ ಪ್ರಾಂತ್ಯ ಕೊಟ್ಟ ಲೆಕ್ಕ: ಒಂದೇ ದಿನಕ್ಕೆ 14,840 ಹೊಸ ಕೊರೊನಾ ಕೇಸ್! ವೈರಸ್ ರಾತ್ರೋರಾತ್ರಿ ಹಬ್ಬಿತಾ? ಇಲ್ಲ, ಎಣಿಸೋ ರೀತಿ ಬದಲಾಗಿತ್ತು.

ವುಹಾನ್‌ನಲ್ಲಿ ಟೆಸ್ಟ್ ಕಿಟ್ ಸಾಲ್ತಿರಲಿಲ್ಲ. ರಿಪೋರ್ಟ್ ಬರದೆ ಬೆಡ್ ಸಿಗದವರು ಬಹಳ. ಅವರಿಗೆ ಬೇಗ ಚಿಕಿತ್ಸೆ ಸಿಗಲಿ ಅಂತ, ರೋಗಲಕ್ಷಣದ ಜೊತೆ ಸಿಟಿ ಸ್ಕ್ಯಾನ್‌ನಲ್ಲಿ ನ್ಯುಮೋನಿಯಾ ಕಂಡವರನ್ನೂ ಲೆಕ್ಕಕ್ಕೆ ಸೇರಿಸಿದರು. ಆ ದಿನ ಅಂಥವರೇ 13,332.

ಸ್ಕ್ಯಾನ್‌ಗೆ ವೈರಸ್ ಕಾಣಲ್ಲ. ಕಾಣೋದು ಉರಿಯೂತ: ಗಾಳಿ ಇರಬೇಕಾದ ಶ್ವಾಸಕೋಶದ ಗೂಡುಗಳಲ್ಲಿ ದ್ರವ ಸೇರಿ, ಮಂಜು ಕವಿದ ಗಾಜಿನಂಥ ಮಸುಕು. ಬೇರೆ ವೈರಸ್‌ಗಳೂ ಇದೇ ಗುರುತು ಬಿಡಬಹುದು.

ಸುಮಾರು ಒಂದು ವಾರಕ್ಕೇ ಆ ನಿಯಮ ವಾಪಸ್ ಹೋಯ್ತು. ಕಾಯಿಲೆಯ ಹೆಸರು ಹೇಳೋಕೆ ಟೆಸ್ಟ್, ಅದು ಮಾಡಿದ ಹಾನಿ ತೋರಿಸೋಕೆ ಸ್ಕ್ಯಾನ್. ಎರಡೂ ಬೇಕು.