ಖಾನೇಸುಮಾರಿಯೂ ಮನೆಮಾತೂ

ಜನಗಣತಿಗೆ ನಮ್ಮ ಹಿರಿಯರು ಖಾನೇಸುಮಾರಿ ಎನ್ನುತ್ತಿದ್ದರು. ಪಾರಸಿಯಿಂದ ಬಂದ ಈ ಮಾತಿನಲ್ಲಿ ‘ಖಾನೆ’ ಎಂದರೆ ಮನೆ. ‘ಶುಮಾರಿ’ ಎಂದರೆ ಎಣಿಕೆ. ಮನೆಗಳನ್ನು ಎಣಿಸುವುದೇ ಶ್ರಮದ ಕೆಲಸ. ಮನೆಯೊಳಗಿನ ಮಾತನ್ನು ಎಣಿಸುವುದು ಅದಕ್ಕಿಂತಲೂ ಕಷ್ಟವೆಂಬುದಕ್ಕೆ ನಮ್ಮ ಮಂಗಳೂರಿನ ಸೀಮೆಯೇ ಸಾಕ್ಷಿ.

ದೇಶದಲ್ಲೆಲ್ಲ ಏಕಕಾಲಕ್ಕೆ ನಡೆದ ಮೊದಲ ಗಣತಿ 1881ರದು. ಅದಕ್ಕೆ ಫೆಬ್ರವರಿ 17ರ ರಾತ್ರಿಯನ್ನು ಗೊತ್ತುಮಾಡಿದ್ದರು. ಈ ಒಂದು ರಾತ್ರಿಯ ಎಣಿಕೆಯ ಪದ್ಧತಿ 1931ರವರೆಗೂ ನಡೆದುಬಂತು. ವಿವರಗಳನ್ನು ಮುಂಚಿತವಾಗಿ ಬರೆದುಕೊಂಡು, ಗೊತ್ತಾದ ರಾತ್ರಿ ಮತ್ತೆ ಮನೆಮನೆಗೆ ಹೋಗಿ, ಸತ್ತವರ ಹೆಸರು ತೆಗೆದು, ಹುಟ್ಟಿದವರನ್ನೂ ಬಂದ ನೆಂಟರನ್ನೂ ಸೇರಿಸಬೇಕು. ಬಯಲುಸೀಮೆಯಲ್ಲಿ ಮನೆಗಳು ಬೀದಿಯಾಗಿ ಒತ್ತಿ ನಿಂತಿರುತ್ತವೆ. ಆಗ ಮದರಾಸು ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಗದ್ದೆಯಂಚಿಗೆ ಒಂದು ಮನೆ, ಅಡಕೆ ತೋಟದಾಚೆ ಇನ್ನೊಂದು, ನಡುವೆ ತೋಡು. ಎಣಿಸುವವನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇನ್ನು ಭಾಷೆಯ ಪ್ರಶ್ನೆ. 1881ರಲ್ಲಿ ತಾಯ್ನುಡಿಯನ್ನು ಕೇಳಿದರು. 1891ರಲ್ಲಿ ತಂದೆತಾಯಿಗಳ ನುಡಿಯನ್ನು. 1901ರಲ್ಲಿ ವಾಡಿಕೆಯಾಗಿ ಬಳಸುವ ಭಾಷೆಯನ್ನು. 1931ರಲ್ಲಿ ಮತ್ತೆ ತಾಯ್ನುಡಿಯನ್ನು. ಬೇರೆ ಕಡೆ ಇವಕ್ಕೆಲ್ಲ ಒಂದೇ ಉತ್ತರ ಬರಬಹುದು. ಆದರೆ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬುದು ನಮ್ಮಲ್ಲಿ ಒಬ್ಬನೇ ಮನುಷ್ಯನ ಒಂದು ದಿನದ ವ್ಯವಹಾರ. ನನ್ನ ತರಗತಿಯಲ್ಲಿ ಕನ್ನಡದ ಉತ್ತರಪತ್ರಿಕೆಯನ್ನು ಚೆನ್ನಾಗಿ ಬರೆದವರು ಜಗಲಿಗೆ ಬಂದೊಡನೆ ತುಳುವಿನಲ್ಲಿ ಹರಟುತ್ತಾರೆ. ಅವರನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ಇದು ಬರಿಯ ಪಂಡಿತರ ಚರ್ಚೆಯಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ವರದಿ ಒಪ್ಪಿಸಿದಾಗ 1951ರ ಗಣತಿಯ ಭಾಷಾ ಸಂಖ್ಯೆಗಳು ಅದರ ಮುಂದಿದ್ದವು. ಕಾಸರಗೋಡು ತಾಲೂಕನ್ನು ಇಡಿಯಾಗಿ ತೆಗೆದುಕೊಂಡರೆ ಮಲಯಾಳ ನುಡಿಯುವವರೇ ಹೆಚ್ಚು. ಮನೆಯಲ್ಲಿ ತುಳುವಾಡಿ ಕನ್ನಡದಲ್ಲಿ ಓದಿ ಬರೆಯುವವರನ್ನು ಕನ್ನಡದೊಂದಿಗೆ ಎಣಿಸಬೇಕೆಂದು ಕನ್ನಡಿಗರು ವಾದಿಸಿದರು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ತಾಲೂಕನ್ನು ಇಡಿಯಾಗಿ ನೋಡದೆ, ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು, ಅದು ಕಾರ್ಯಗತವಾಗಲಿಲ್ಲ. ಎಣಿಕೆಯಷ್ಟೇ ಅಲ್ಲ, ಎಲ್ಲಿಂದ ಎಲ್ಲಿಗೆ ಗೆರೆ ಹಾಕಿ ಎಣಿಸಿದರೆಂಬುದೂ ಮುಖ್ಯವೆಂದಾಯಿತು.

2011ರಲ್ಲಿ ತುಳುವನ್ನು ತಾಯ್ನುಡಿಯೆಂದು ಬರೆಯಿಸಿದವರು 18,46,427 ಮಂದಿ. ಅದರ ಜೊತೆಗೆ, ಬಲ್ಲ ಇತರ ಭಾಷೆಗಳು ಯಾವುವೆಂದೂ ಗಣತಿಯವರು ಕೇಳಿದ್ದರು. 2021ರ ಗಣತಿ ಕೋವಿಡ್ ಪಿಡುಗಿನಿಂದ ನಿಂತುಹೋಯಿತು. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಗೊತ್ತುಮಾಡಿದ್ದಾರೆ. ಗಣತಿಯವರು ಬಾಗಿಲಿಗೆ ಬಂದಾಗ ಮನೆಮಾತನ್ನು ಸಂಕೋಚವಿಲ್ಲದೆ ಹೇಳೋಣ. ಇತರ ಭಾಷೆಗಳನ್ನು ಕೇಳಿದರೆ ಆ ಕಲಮನ್ನೂ ಬರಿದಾಗಿ ಬಿಡದಿರೋಣ. ನಾವು ಒಂದೇ ಭಾಷೆಯಲ್ಲಿ ಬದುಕಿದವರಲ್ಲವೆಂಬುದಕ್ಕೆ ಸರಕಾರದ ಕಾಗದದಲ್ಲಿ ಉಳಿಯುವ ಗುರುತು ಅದೊಂದೇ.