ಪಾದ ಮುಚ್ಚಿದ ಲಂಗ

ನಮ್ಮ ಊರಿನ ಕೆರೆಗಳು ಬೇಸಿಗೆಯಲ್ಲಿ ಬತ್ತುತ್ತವೆ, ಆದರೆ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ನಾವು ಐಸ್ ಸ್ಕೇಟಿಂಗ್ ನೋಡಿದ್ದು ಟಿವಿಯಲ್ಲಿ, ಈಗ ಫೋನಿನಲ್ಲಿ. ಯುರೋಪಿನ ಚಳಿ ದೇಶಗಳಲ್ಲಿ ಮಾತ್ರ ಅದು ಮಕ್ಕಳ ಆಟ. ಕೆರೆ, ಕಾಲುವೆ ಗಟ್ಟಿಯಾದರೆ ಸಾಕು, ಬೂಟಿನಡಿ ಉಕ್ಕಿನ ಅಲಗು ಕಟ್ಟಿಕೊಂಡು ಜಾರಲು ಹೊರಡುತ್ತಾರೆ. ಆ ಬಾಲ್ಯದ ನೆನಪು ಎಂದರೆ ಗಿಡ್ಡ ಲಂಗ, ಬಿಳಿ ಬೂಟು ತೊಟ್ಟ ಹುಡುಗಿಯ ಹಳೆಯ ಚಿತ್ರ. ನೋಡಲು ಚೆಂದ. ಆದರೆ ಆ ಲಂಗ ಗಿಡ್ಡವಾದದ್ದು ಸುಲಭದಲ್ಲಿ ಅಲ್ಲ.

1902ರಲ್ಲಿ ಲಂಡನ್ನಿನಲ್ಲಿ ಫಿಗರ್ ಸ್ಕೇಟಿಂಗ್ ವಿಶ್ವ ಸ್ಪರ್ಧೆ ನಡೆಯಿತು. ಇದು ಓಟದ ಸ್ಪರ್ಧೆಯಲ್ಲ. ಆಗ ಮಂಜುಗಡ್ಡೆಯ ಮೇಲೆ ಅಲಗಿನಿಂದ ವೃತ್ತ, ಸುತ್ತು ಬಿಡಿಸಬೇಕಿತ್ತು. ತೀರ್ಪುಗಾರರು ಪಾದದ ಚಲನೆ ನೋಡಿ ಅಂಕ ಕೊಡುತ್ತಿದ್ದರು. ಅಲ್ಲಿಯವರೆಗೆ ಆಡಿದವರೆಲ್ಲ ಗಂಡಸರೇ. ಆದರೆ ಹೆಂಗಸರು ಬರಬಾರದು ಎಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಇಂಗ್ಲೆಂಡಿನ ಮ್ಯಾಡ್ಜ್ ಸೈಯರ್ಸ್ ಹೆಸರು ಕೊಟ್ಟರು, ಆಡಿದರು, ಎರಡನೇ ಸ್ಥಾನ ಪಡೆದರು.

ಮರುವರ್ಷವೇ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹೆಂಗಸರಿಗೆ ಬಾಗಿಲು ಹಾಕಿತು. ಕೊಟ್ಟ ಕಾರಣಗಳಲ್ಲಿ ಒಂದು, ಉದ್ದ ಲಂಗದಿಂದ ಪಾದ ಕಾಣುವುದಿಲ್ಲ ಎಂಬುದು. ಇನ್ನೊಂದು, ತೀರ್ಪುಗಾರ ತಾನು ಮೆಚ್ಚಿದ ಹುಡುಗಿಗೇ ಅಂಕ ಕೊಟ್ಟುಬಿಡಬಹುದು ಎಂಬುದು! ತಪ್ಪು ಮಾಡುವವನು ತೀರ್ಪುಗಾರ, ಶಿಕ್ಷೆ ಹುಡುಗಿಗೆ. ಪಾದ ಮುಚ್ಚುವ ಲಂಗ ತೊಡಿಸಿದ್ದೂ ಅದೇ ಸಮಾಜ.

ಮ್ಯಾಡ್ಜ್ ಸುಮ್ಮನಾಗಲಿಲ್ಲ. ಮೀನಖಂಡದವರೆಗಿನ ಲಂಗ ತೊಟ್ಟು ಆಡತೊಡಗಿದರು. 1906ರಲ್ಲಿ ಒಕ್ಕೂಟ ಹೆಂಗಸರಿಗೆ ಬೇರೆ ಸ್ಪರ್ಧೆ ಶುರು ಮಾಡಿತು. ಮೊದಲ ಎರಡು ವರ್ಷವೂ ಅವರೇ ಗೆದ್ದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನವೂ ಬಂತು.

ಆದರೂ 1920ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಥೆರೆಸಾ ವೆಲ್ಡ್ ಗಾಳಿಯಲ್ಲಿ ಜಿಗಿದಾಗ, ಲಂಗ ಹಾರುತ್ತದೆ, ಹೆಣ್ಣಿಗೆ ಇದು ತರವಲ್ಲ ಎಂದು ತೀರ್ಪುಗಾರರು ಆಕ್ಷೇಪಿಸಿದರು. ಅವರು ಕಂಚು ಗೆದ್ದೇ ಮನೆಗೆ ಹೋದರು.

ಕೊನೆಗೆ ದಾರಿ ತೆರೆದದ್ದು ಒಂದು ಮಗು. 1924ರಲ್ಲಿ ಫ್ರಾನ್ಸಿನ ಶಾಮನಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ನಾರ್ವೆಯ ಸೋನ್ಯಾ ಹೆನಿ ಬಂದಳು. ವಯಸ್ಸು 11. ಚಿಕ್ಕ ಹುಡುಗಿಯಾದ್ದರಿಂದ ಮೊಣಕಾಲಿನವರೆಗಿನ ಲಂಗ ತೊಡಬಹುದಿತ್ತು. ಆ ಲಂಗದಲ್ಲಿ ಜಿಗಿಯುವುದೂ ತಿರುಗುವುದೂ ಸಲೀಸು. ಆ ವರ್ಷ ಎಂಟು ಜನರಲ್ಲಿ ಅವಳೇ ಕೊನೆ. ಅದೇ ಹುಡುಗಿ ಮುಂದೆ 1928, 1932, 1936ರಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದಳು. 1927ರಿಂದ 1936ರವರೆಗೆ ಸತತ ಹತ್ತು ವಿಶ್ವ ಪ್ರಶಸ್ತಿ. ಬೆಳೆದ ಮೇಲೂ ಲಂಗ ಉದ್ದವಾಗಲಿಲ್ಲ. ಉಳಿದವರೂ ಗಿಡ್ಡ ಲಂಗಕ್ಕೆ ಬಂದರು. ಕಪ್ಪು, ಕಂದು ಬೂಟುಗಳ ಜಾಗಕ್ಕೆ ಅವಳ ಬಿಳಿ ಬೂಟು ಬಂತು. ಹಾಲಿವುಡ್ ಸಿನಿಮಾಗಳು ಆ ಉಡುಪನ್ನು ಊರೂರಿಗೆ ಮುಟ್ಟಿಸಿದವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1988ರಲ್ಲಿ ಒಕ್ಕೂಟ ಹೆಂಗಸರಿಗೆ ಲಂಗ ಕಡ್ಡಾಯ ಮಾಡಿತು. ಪ್ಯಾಂಟ್ ತೊಟ್ಟು ಸ್ಪರ್ಧಿಸಲು ಒಪ್ಪಿದ್ದು 2004ರಲ್ಲಿ. ಒಂದು ಕಾಲಕ್ಕೆ ಲಂಗ ತೊಟ್ಟಿದ್ದೇ ತಪ್ಪು, ಇನ್ನೊಂದು ಕಾಲಕ್ಕೆ ತೊಡದಿದ್ದರೆ ತಪ್ಪು. ಬಟ್ಟೆ ಬದಲಾಯಿತು, ಅಪ್ಪಣೆ ಕೊಡುವವರು ಬದಲಾಗಲಿಲ್ಲ.

ಇಂದು ಸಂಜೆ ಮನೆಯಲ್ಲಿ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ನೋಡಿ: ಚಿಕ್ಕವರಿದ್ದಾಗ ಏನು ತೊಟ್ಟು ಆಡುತ್ತಿದ್ದಿರಿ? ಯಾವ ವಯಸ್ಸಿಗೆ ಆಟ ನಿಲ್ಲಿಸಿದಿರಿ? ಯಾರು ನಿಲ್ಲಿಸಿದರು? ಉತ್ತರ ಬಂದರೆ ನಮಗೂ ಬರೆದು ಕಳಿಸಿ.