ಚೆಲುವಿ: ಹೂಮರವಾದವಳ ಕರಾಳ ಕತೆ

ಗಿರೀಶ್ ಕಾರ್ನಾಡ್ 1992ರಲ್ಲಿ ನಿರ್ದೇಶಿಸಿದ ಹಿಂದಿ ಸಿನಿಮಾ ‘ಚೆಲುವಿ’. ಹೆಸರು ಕನ್ನಡದ್ದು, ಕತೆಯೂ ನಮ್ಮದೇ: ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಜನಪದ ಕತೆ. ನಾಯಕಿ ಸೋನಾಲಿ ಕುಲಕರ್ಣಿ.

ಬಡ ತಾಯಿಯ ಕಷ್ಟ ನೋಡಲಾರದೆ ಮಗಳು ಹೂಮರವಾಗ್ತಾಳೆ. ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಷರತ್ತು ಒಂದೇ: ಹೂ ಕೀಳಬಹುದು, ಎಲೆ, ಕಡ್ಡಿ ಮುರಿಯಬಾರದು. ಮದುವೆಯಾದ ಮೇಲೆ ಗಂಡನಿಗೂ ಹೂ ಬೇಕು. ಆಮೇಲೆ ನಾದಿನಿ ಗೆಳತಿಯರ ಜೊತೆ ಸೇರಿ ಕೊಂಬೆಗಳನ್ನೇ ಮುರಿದುಹಾಕ್ತಾಳೆ. ಉಳಿಯೋದು ಕೈಕಾಲಿಲ್ಲದ ಮುಂಡ. ಯುರೋಪಿನ ಗಾಥಿಕ್ ಕಾದಂಬರಿಗೆ ಪಾಳುಬಿದ್ದ ಕೋಟೆ ಬೇಕು. ಇಲ್ಲಿ ಗಂಡನ ಮನೆಯವರೇ ಸಾಕು.

ತುಮಕೂರಲ್ಲಿ ಎಂಜಿನಿಯರಿಂಗ್ ಓದ್ತಿದ್ದಾಗ ಇದನ್ನ ಬರೀ ‘ಕಾಡು ಉಳಿಸಿ’ ಸಿನಿಮಾ ಅಂದ್ಕೊಂಡಿದ್ದೆ. ರಾಮಾನುಜನ್ ಇದನ್ನು ಹೆಣ್ಣಿನ ಕತೆ ಅಂತಲೇ ಓದಿದರು. ಮರವಾದಾಗ ಅವಳಿಗೆ ಮಾತಿಲ್ಲ, ಓಡೋಕಾಗಲ್ಲ, ಮುಟ್ಟುವವರನ್ನು ನಂಬಲೇಬೇಕು.

ಮೂಲ ಕತೆಯಲ್ಲಿ ಗಂಡ ಮುರಿದ ಕೊಂಬೆಗಳನ್ನು ಜೋಡಿಸಿ ನೀರು ಸುರಿದಾಗ ಅವಳು ಮತ್ತೆ ಇಡೀ ಹೆಣ್ಣಾಗ್ತಾಳೆ. 2006ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನ ಕಂಡ ಜಾನ್ ಆಡಮ್ಸ್‌ರ ಒಪೆರಾ ಕೂಡ ಆ ಸುಖಾಂತ್ಯ ಬಿಟ್ಟುಕೊಡಲಿಲ್ಲ. ಕಾರ್ನಾಡರ ಸಿನಿಮಾದಲ್ಲಿ ಮಾತ್ರ ಮುರಿದ ಕೊಂಬೆಗಳು ಸಿಗೋದೇ ಇಲ್ಲ.